ಗಾಳಿಸುದ್ದಿ

‘ಸುದ್ದಿ’ ಸಂಸ್ಕೃತದ ‘ಶುದ್ಧಿ’ಯ ತದ್ಭವ. ಶುದ್ಧಿ ಎಂದರೆ ಕೊಳೆ ತೆಗೆದದ್ದು ಮಾತ್ರವಲ್ಲ, ಸರಿಯೆಂದು ಗೊತ್ತುಮಾಡಿಕೊಂಡದ್ದೂ ಹೌದು. ಅದಕ್ಕೆ ‘ಗಾಳಿ’ ಸೇರಿದರೆ ಹೇಳಿದವರ ಗುರುತೇ ಅಳಿಸಿಹೋಗುತ್ತದೆ. ‘ವದಂತಿ’ಯೂ ಹಾಗೆಯೇ: ಸಂಸ್ಕೃತದಲ್ಲಿ ಅದು ‘ಹೇಳುತ್ತಾರೆ’ ಎಂಬ ಬರೀ ಕ್ರಿಯಾಪದ. ಯಾರು ಹೇಳುತ್ತಾರೆ?

ಹಿರಿಯೂರು ತಾಲ್ಲೂಕಿನ ಧರ್ಮಪುರದ ಕಡೆ ಗಾಳಿಗೆ ಇನ್ನೊಂದು ಅರ್ಥವೂ ಉಂಟು. ಮಗು ಬೆಚ್ಚಿಬಿದ್ದು ಮೈ ಕಾದರೆ ‘ಗಾಳಿ ಸೋಕೈತೆ’ ಅನ್ನುತ್ತಾರೆ. ಕಾಯಿಲೆಯ ಕಾಲದ ಗಾಳಿಸುದ್ದಿ ಹೀಗೇ ಸೋಕುವಂಥದ್ದು.

2020ರ ಆರಂಭದಲ್ಲಿ ಮೊಬೈಲಿನಿಂದ ಮೊಬೈಲಿಗೆ ಒಂದು ಚಿತ್ರ ಓಡಾಡಿತು: ಚರ್ಮ ಸುಲಿದ, ಹುಣ್ಣಾದ ಕೋಳಿ. ಕೆಳಗೆ ‘ಕೋಳಿ ತಿಂದರೆ ಕೊರೊನಾ, ಎಲ್ಲರಿಗೂ ಕಳಿಸಿ’. ಕೋಳಿಯಿಂದ ಕೊರೊನಾ ಹರಡುವುದಿಲ್ಲವೆಂದು ಕೇಂದ್ರ ಪಶುಸಂಗೋಪನಾ ಇಲಾಖೆ ಹೇಳಿದರೂ ಕೇಳುವವರಿರಲಿಲ್ಲ. ದರ ನೆಲಕಚ್ಚಿತು. ಮೇವಿಗೂ ದುಡ್ಡು ಹುಟ್ಟದೆ ರಾಜ್ಯದ ಕೆಲವು ರೈತರು ಗುಂಡಿ ತೋಡಿ ಕೋಳಿಗಳನ್ನು ಜೀವಂತ ಹೂತರು. ಸಾಕಿದ ಕೈಯೇ ಮಣ್ಣು ಎಳೆಯಬೇಕಾಯಿತಲ್ಲ, ಅದನ್ನು ನೆನೆದರೆ ಇಂದಿಗೂ ಸಂಕಟವಾಗುತ್ತದೆ.

ಅದೇ ವರ್ಷದ ಮಾರ್ಚ್‌ನಲ್ಲಿ ದಾವಣಗೆರೆ ಜಿಲ್ಲೆಯ ಬನ್ನಿಕೋಡಿನಲ್ಲೂ ಮೈಸೂರಿನಲ್ಲೂ ಹಕ್ಕಿಜ್ವರ ನಿಜವಾಗಿಯೇ ಕಾಣಿಸಿತು. ಅದರ ವೈರಸ್ಸೇ ಬೇರೆ. ಆದರೆ ಗಾಳಿಸುದ್ದಿಗೆ ಇಂಥ ಒಂದು ಹಿಡಿ ನಿಜ ಸಿಕ್ಕರೆ ಸಾಕು, ಬಲ ಬಂದುಬಿಡುತ್ತದೆ.

ಬಳಕೆಯಲ್ಲಿ ‘ಗಾಳಿಸುದ್ದಿ ಹಬ್ಬಿತು’ ಎಂದೇ ರೂಢಿ, ತಾನಾಗಿ ಬಳ್ಳಿ ಹಬ್ಬಿದ ಹಾಗೆ. ‘ಹಬ್ಬಿಸಿದರು’ ಎಂದು ಬರೆಯುವುದೇ ಸರಿಯೆಂದು ನನಗನ್ನಿಸುತ್ತದೆ.