ವಿಜಯನಗರದ ಹೊಳೆ ಸೇತುವೆ: ಕಲ್ಲಿನ ಕಂಬ, ಮರದ ಹಾಸು

ಹಂಪಿಯ ವಿಠಲ ದೇವಾಲಯದ ಹತ್ತಿರ, ತುಂಗಭದ್ರೆಯ ಪಾತ್ರದಲ್ಲಿ ಗ್ರಾನೈಟ್ ಕಂಬಗಳು ಸಾಲು ಸಾಲಾಗಿ ನಿಂತಿವೆ. ಕೈಪಿಡಿಗಳು ಇದನ್ನು ‘ಹಳೆಯ ಕಲ್ಲು ಸೇತುವೆ’ ಎಂದು ಗುರುತಿಸುತ್ತ ಬಂದಿವೆ. ಇದು ಸೇತುವೆ ಎಂಬುದರಲ್ಲಿ ತಕರಾರಿಲ್ಲ. ಆದರೆ ಕಲ್ಲು ಸೇತುವೆ ಎನ್ನಲು ಆಧಾರ ಈ ಕಂಬಗಳು ಮಾತ್ರ. ಜನ ಅಡಿಯಿಟ್ಟು ನಡೆದ ಹಾಸು ಇಂದು ಇಲ್ಲ. ಆ ಹಾಸು ಮರದ್ದಾಗಿತ್ತು ಎಂಬುದು ಪ್ರಸ್ತುತ ಲೇಖನದ ವಾದ.

ನಗರದ ಕಾಲುವೆಗಳ ವಿಷಯದಲ್ಲಿ ಹೆಚ್ಚು ಹೇಳಬೇಕಾಗಿಲ್ಲ. ಡೇವಿಸನ್-ಜೆಂಕಿನ್ಸ್ ಮತ್ತು ಕ್ಯಾಥ್ಲೀನ್ ಮಾರಿಸನ್ ಅವರ ಅಧ್ಯಯನಗಳು ಆ ಜಾಲವನ್ನು ವಿವರವಾಗಿ ತೋರಿಸಿವೆ; ತುರ್ತು ಕಾಲುವೆ ಇಂದಿಗೂ ಗದ್ದೆಗೆ ನೀರುಣಿಸುತ್ತಿದೆ. ಆ ಕಾಲದ ನೀರಿನ ವಿದ್ಯೆಗೆ ಕೋಲಾರ ಸೀಮೆಯ ಸಾಕ್ಷ್ಯವೂ ಇದೆ. ಹೊಳೆಯನ್ನೇ ತಿರುಗಿಸಿ ತರುವ ಸಾಹಸದ ಕಥೆ ಸಿಗುವುದು ಗೌರಿಬಿದನೂರು ತಾಲ್ಲೂಕಿನ ಕಲ್ಲೂಡಿಯ ಶಾಸನದಲ್ಲಿ. 1388ರ ಈ ಶಾಸನದ ಪ್ರಕಾರ ಪ್ರತಾಪ ಬುಕ್ಕರಾಯ ಹೆನ್ನೆ ಹೊಳೆಯನ್ನು ಪೆನುಗೊಂಡೆಗೆ ತರಲು ಹೇಳಿದ. ಜಲಸೂತ್ರದ ಸಿಂಗಾಯಭಟ್ಟ ಸಿರುವೆರ ಕೆರೆಯವರೆಗೆ ಕಾಲುವೆ ತೆಗೆಸಿದ. ರೈಸ್ ಸಂಪಾದಿಸಿದ ಎಪಿಗ್ರಾಫಿಯ ಕರ್ನಾಟಿಕದ ಹತ್ತನೆಯ ಸಂಪುಟದಲ್ಲಿ ಇದು ಅಚ್ಚಾಗಿದೆ. ಹದಿನಾಲ್ಕನೆಯ ಶತಮಾನದ ಕೊನೆಗೆ ಇಂಥ ತಜ್ಞರಿದ್ದ ರಾಜ್ಯಕ್ಕೆ ಹೊಳೆಯ ನಡುವೆ ಕಂಬ ನಿಲ್ಲಿಸುವುದು ಮೀರಿದ ಕೆಲಸವೇನಲ್ಲ.

ಇನ್ನು ವಿವಾದದ ಅಂಶ. ಸೇತುವೆ ದೇವಾಲಯದ ನೆರೆಯಲ್ಲಿದೆ. ಅದರಿಂದಲೇ ಅದನ್ನು ದೇವಾಲಯದ ಕಟ್ಟಡದಂತೆ, ಅಂದರೆ ಕಂಬ, ತೊಲೆ, ಹಾಸು ಎಲ್ಲವೂ ಕಲ್ಲೇ ಎಂದು, ಓದಿಕೊಂಡು ಬಂದಿದ್ದೇವೆ. ಇದು ಸರಿಯಾದ ಹೋಲಿಕೆಯಲ್ಲ. ವಿಜಯನಗರದಲ್ಲಿ ದೇವರ ಮನೆಗೆ ಕಲ್ಲು, ದೊರೆಯ ಮನೆಗೆ ಕಲ್ಲಿನ ಜಗಲಿಯ ಮೇಲೆ ಮರ ಎಂಬ ಭೇದ ಸ್ಪಷ್ಟವಾಗಿತ್ತು. ಅರಮನೆಯ ಆವರಣದ ನೂರು ಕಂಬದ ಸಭಾಂಗಣದಲ್ಲಿ ಉಳಿದಿರುವುದು ಸಾಲಿಗೆ ಹತ್ತರಂತೆ ಹತ್ತು ಸಾಲು ಕಂಬದ ನೆಲೆಗಳು. ಮೇಲಿದ್ದ ಮರವೆಲ್ಲ ಹೋಗಿದೆ. ಸೇತುವೆ ಲೌಕಿಕ ಕಟ್ಟಡ. ಅದನ್ನು ಅರಮನೆಯ ಪಕ್ಕದಲ್ಲಿಟ್ಟು ನೋಡುವುದೇ ನ್ಯಾಯ.

ಇದಕ್ಕೊಂದು ಬಲವಾದ ಆಕ್ಷೇಪವಿದೆ. ಅರಮನೆಯ ಆವರಣದಲ್ಲೇ ಕಲ್ಲಿನ ಕಂಬಗಳ ಮೇಲೆ ಕಲ್ಲಿನ ದೋಣಿ ಹೊತ್ತ ಮೇಲ್ಗಾಲುವೆ ಇದೆಯಲ್ಲ, ಅದೂ ಲೌಕಿಕವೇ ತಾನೇ? ನಿಜ. ಆದರೆ ಅಲ್ಲಿ ಹರಿಯುವುದು ನೀರು. ಒಮ್ಮೆ ನೆನೆದು ಒಮ್ಮೆ ಒಣಗುವ ಮರ ಬಿರಿಯುತ್ತದೆ, ಸೋರುತ್ತದೆ. ಸೇತುವೆಯ ಹಲಗೆ ಸೋರಿದರೆ ನಷ್ಟವಿಲ್ಲ, ಹಳತಾದರೆ ಬದಲಿಸಬಹುದು. ಅಡ್ಡತೊಲೆಗಳು ಕಲ್ಲಿನವೇ ಆಗಿದ್ದರೂ ಮೇಲಿನ ಹಾಸು ಮರದ್ದಾಗಿರಲು ಅಡ್ಡಿಯಿಲ್ಲ.

ಎರಡನೆಯ ಸಾಕ್ಷ್ಯ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್‌ನದು. ಸುಮಾರು 1520ರಲ್ಲಿ ಹೊಳೆಯಾಚೆಯ ಆನೆಗೊಂದಿಗೆ ಜನ ಬುಟ್ಟಿಯಂತೆ ದುಂಡಗಿನ ದೋಣಿಗಳಲ್ಲಿ ದಾಟುತ್ತಿದ್ದರೆಂದು ಅವನು ಬರೆದಿದ್ದಾನೆ: ಒಳಗೆ ಬೆತ್ತ, ಹೊರಗೆ ಚರ್ಮ, ಹದಿನೈದಿಪ್ಪತ್ತು ಜನ ಹಿಡಿಸುತ್ತಾರೆ, ಹುಟ್ಟು ಹಾಕಿದರೆ ನೇರ ಹೋಗದೆ ಸುತ್ತುತ್ತಲೇ ಸಾಗುತ್ತವೆ, ಕುದುರೆ, ಎತ್ತುಗಳು ಬಹುಮಟ್ಟಿಗೆ ಈಜಿಯೇ ದಾಟುತ್ತವೆ. ನಮ್ಮ ಹರಿಗೋಲನ್ನು ಕಣ್ಣಾರೆ ಕಂಡವನ ಬರಹ ಇದು. ಅವನು ಸೇತುವೆಯ ಮಾತೆತ್ತದ್ದರಿಂದ ಆಗಲೇ ಅದು ಪಾಳುಬಿದ್ದಿತ್ತು ಎಂದು ತೀರ್ಮಾನಿಸುವುದು ಸುಲಭ. ಆ ತೀರ್ಮಾನವನ್ನು ನಾನು ಒಪ್ಪುವುದಿಲ್ಲ. ಕುದುರೆಗೆ ಅಷ್ಟೊಂದು ಹಣ ಸುರಿಯುತ್ತಿದ್ದ ನಗರ ಅವನ್ನು ನೀರಿಗಿಳಿಸುತ್ತಿತ್ತು ಎಂದಾದರೆ, ಸೇತುವೆ ದಿನನಿತ್ಯದ ದಾರಿಯಾಗಿರಲಿಲ್ಲ ಎಂದಷ್ಟೇ ಸಿದ್ಧವಾಗುತ್ತದೆ. ಕಂಬಗಳಿದ್ದು ಹಾಸು ಮಾತ್ರ ಇಲ್ಲದಿದ್ದರೂ ಅವನು ಕಾಣುತ್ತಿದ್ದುದು ಇದನ್ನೇ.

ಹಾಗಾದರೆ ಹಾಸು ಏನಾಯಿತು? ಅದು ಬೇಕಾದಾಗ ತೆಗೆದಿಡುವಂಥದ್ದಾಗಿತ್ತು ಎಂಬ ಊಹೆಯನ್ನು ಬಹಳ ಎಚ್ಚರದಿಂದ ಮುಂದಿಡುತ್ತೇನೆ. ಪಾಯೆಸ್ ಮಹಾನವಮಿಯನ್ನು ಕಂಡವನು; ಹಬ್ಬ ಶುರುವಾದದ್ದು ಸೆಪ್ಟೆಂಬರ್ 12ರಂದು ಎನ್ನುತ್ತಾನೆ. ಆಗ ತುಂಗಭದ್ರೆ ಮಳೆಗಾಲದ ನೀರಿನಲ್ಲಿರುತ್ತದೆ. ಹಲಗೆಗಳನ್ನು ದಡಕ್ಕೆ ಸಾಗಿಸುವ ಕಾಲ. ಆದರೆ ದನಕುದುರೆಗಳು ವಾಡಿಕೆಯಾಗಿ ಈಜುವುದು ತುಂಬು ಹೊಳೆಯಲ್ಲಲ್ಲ, ಇಳಿದ ಹೊಳೆಯಲ್ಲಿ. ಆದ್ದರಿಂದ ಋತುಮಾನದ ಕಾರಣವೊಂದೇ ಸಾಲದು. ಉತ್ತರದ ಸುಲ್ತಾನರಿಗೂ ನಗರಕ್ಕೂ ನಡುವಿನ ಅಡ್ಡಗೋಡೆ ಈ ಹೊಳೆಯೇ ಆಗಿದ್ದರಿಂದ, ರಾಯಚೂರಿನ ಯುದ್ಧದ ವರ್ಷಗಳಲ್ಲಿ ಹಾಸನ್ನು ಮತ್ತೆ ಹೊದಿಸದೆ ಬಿಟ್ಟಿರುವುದು ಹೆಚ್ಚು ಸಂಭವನೀಯ. ಇದೂ ಸಂಭವವೇ ಹೊರತು ನಿರ್ಣಯವಲ್ಲ.

ಶ್ರೀರಂಗಪಟ್ಟಣದಲ್ಲಿ ಪೂರ್ಣಯ್ಯ 1804ರಲ್ಲಿ ಮುಗಿಸಿದ ವೆಲ್ಲೆಸ್ಲಿ ಸೇತುವೆ ಪೂರ್ತಿ ಕಲ್ಲಿನದು. ಕಂಬದೊಡನೆ ಅದರ ಹಾಸೂ ನಮಗೆ ಉಳಿದಿದೆ. ಹಂಪಿಯಲ್ಲಿ ಕಂಬ ಉಳಿದು ಹಾಸು ಪೂರಾ ಹೋಗಿರುವುದನ್ನು ಈ ಹೋಲಿಕೆಯಲ್ಲಿ ಗಮನಿಸಬೇಕು. ಹಾಸುಗಲ್ಲುಗಳನ್ನು ಊರವರು ಬೇರೆ ಕಟ್ಟಡಕ್ಕೆ ಒಯ್ದಿರಬಹುದು ಎಂಬ ಉತ್ತರಕ್ಕೆ ಅವಕಾಶವಿದೆ. ಆದರೆ ನೆರೆಗೆ ಉರುಳಿದ ಚಪ್ಪಡಿಗಳಲ್ಲಿ ಒಂದಷ್ಟಾದರೂ ಮಡುವಿನಲ್ಲಿ ಉಳಿಯಲೇಬೇಕು.

1999ರಲ್ಲಿ ಹಂಪಿ ಯುನೆಸ್ಕೋದ ಅಪಾಯದ ಪಟ್ಟಿ ಸೇರಿದ್ದಕ್ಕೆ ಕಾರಣಗಳಲ್ಲಿ ಆನೆಗೊಂದಿಗೆ ಕಟ್ಟುತ್ತಿದ್ದ ಹೊಸ ಸೇತುವೆಯೂ ಒಂದು. 2009ರ ಜನವರಿಯಲ್ಲಿ ಅದು ಕುಸಿಯಿತು. ಹೊಸದರ ಬಗ್ಗೆ ನಡೆದಷ್ಟು ಚರ್ಚೆ ಹಳೆಯದಕ್ಕೂ ಸಲ್ಲಬೇಕು. ಬೇಸಿಗೆಯಲ್ಲಿ ನೀರು ಇಳಿದಾಗ ಕಂಬಗಳ ನೆತ್ತಿಯನ್ನು ಅಳತೆಗೆ ಸರಿಯಾಗಿ ಚಿತ್ರಿಸಬೇಕು. ಸಾಲುಗಳ ನಡುವಿನ ಅಂತರ ಗುರುತಿಸಬೇಕು. ಕೆಳಗಿನ ಪಾತ್ರವನ್ನು ಶೋಧಿಸಬೇಕು. ಆ ಅಂತರಕ್ಕೆ ಒಪ್ಪುವ ಉದ್ದದ ಚಪ್ಪಡಿಗಳು ಅಲ್ಲಿ ಸಿಕ್ಕಿದರೆ ಮರದ ಹಾಸಿನ ವಾದ ಬಿದ್ದುಹೋಗುತ್ತದೆ. ಪಾಯೆಸ್‌ನ ಮೌನಕ್ಕೆ ಆಗ ಬೇರೆಯೇ ಕಾರಣ ಹುಡುಕಬೇಕಾಗುತ್ತದೆ.