ರೆಸಿಡೆನ್ಸಿ ಕಾರ್ಯಕ್ರಮ ನಿರ್ದೇಶಕ

ರೆಸಿಡೆನ್ಸಿ ಕಾರ್ಯಕ್ರಮ ನಿರ್ದೇಶಕರು ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಒಂದು ವೈದ್ಯಕೀಯ ವಿಭಾಗದ ತಜ್ಞ ತರಬೇತಿಯ ಹೊಣೆ ಹೊತ್ತ ವೈದ್ಯರು. ತರಬೇತಿ ಮುಗಿಸಿದವರು ಮೇಲ್ವಿಚಾರಣೆಯಿಲ್ಲದೆ ವೃತ್ತಿ ನಡೆಸಲು ಸಮರ್ಥರೆಂದು ದೃಢೀಕರಿಸುವವರು ಇವರೇ ಆದ್ದರಿಂದ, ಇವರ ನಿರ್ಣಯವು ರೋಗಿಗಳ ಸುರಕ್ಷತೆಗೆ ನೇರವಾಗಿ ಸಂಬಂಧಿಸಿದೆ.

ಹಿನ್ನೆಲೆ

ಈ ಕಾರ್ಯಕ್ರಮಗಳಿಗೆ ಮಾನ್ಯತೆ ನೀಡುವ ಎಸಿಜಿಎಂಇ ಮಂಡಳಿಯು 1981ರಲ್ಲಿ ಸ್ಥಾಪನೆಯಾಯಿತು. ಇದರ ಕೇಂದ್ರ ಕಚೇರಿ ಷಿಕಾಗೋದಲ್ಲಿದೆ. 1999ರಲ್ಲಿ ಮಂಡಳಿಯು ರೋಗಿಯ ಆರೈಕೆ, ವೈದ್ಯಕೀಯ ಜ್ಞಾನ, ಸಂವಹನ, ವೃತ್ತಿನಿಷ್ಠೆ ಮೊದಲಾದ 6 ಸಾಮರ್ಥ್ಯಗಳನ್ನು ಅಂಗೀಕರಿಸಿತು. 2003ರಲ್ಲಿ ತರಬೇತಿನಿರತ ವೈದ್ಯರ ಕೆಲಸದ ಅವಧಿಯನ್ನು ವಾರಕ್ಕೆ ಸರಾಸರಿ 80 ಗಂಟೆಗಳಿಗೆ ಮಿತಿಗೊಳಿಸಿತು. ಅವರ ಪ್ರಗತಿಯನ್ನು ಹಂತಹಂತವಾಗಿ ಅಳೆಯುವ ‘ಮೈಲಿಗಲ್ಲು’ ಪದ್ಧತಿಯು 2013ರಿಂದ ಜಾರಿಗೆ ಬಂದಿತು. ಪ್ರತಿಯೊಂದು ಬದಲಾವಣೆಯೂ ನಿರ್ದೇಶಕರ ಕರ್ತವ್ಯವನ್ನು ವಿಸ್ತರಿಸಿತು.

ನಿರ್ದೇಶಕರ ವೃತ್ತಿಪರ ಬೆಳವಣಿಗೆ

ಚಿಕಿತ್ಸೆಯಲ್ಲಿ ನುರಿತವರು ಬೋಧನೆ, ಮೌಲ್ಯಮಾಪನ ಮತ್ತು ಆಡಳಿತದಲ್ಲಿಯೂ ನುರಿತಿರಬೇಕೆಂದಿಲ್ಲ. ಈ ಕೊರತೆಯನ್ನು ತುಂಬಲು ಆಯಾ ವಿಭಾಗಗಳ ನಿರ್ದೇಶಕರ ಸಂಘಗಳು ಕಾರ್ಯಾಗಾರಗಳನ್ನು ನಡೆಸುತ್ತವೆ. ಹೊಸಬರಿಗೆ ಅನುಭವಿ ನಿರ್ದೇಶಕರು ಮಾರ್ಗದರ್ಶನ ನೀಡುತ್ತಾರೆ. ಪಠ್ಯಕ್ರಮ ರಚನೆ, ನೇರವಾದ ಹಿಮ್ಮಾಹಿತಿ, ವೃತ್ತಿಬಳಲಿಕೆಯ ಗುರುತಿಸುವಿಕೆ ಇವು ಮುಖ್ಯ ವಿಷಯಗಳು. ಕಲಿಕೆಯಲ್ಲಿ ಹಿಂದುಳಿದ ವೈದ್ಯರನ್ನು ಬೇಗನೆ ಗುರುತಿಸಿ ತಿದ್ದುವುದನ್ನು ಅತ್ಯಂತ ಕಠಿಣ ಕೆಲಸಗಳಲ್ಲೊಂದೆಂದು ಪರಿಗಣಿಸಲಾಗುತ್ತದೆ.