ಕೇಸರಿ ಹಾಲು ಕುಡಿದರೆ ನಿದ್ರೆ ಬರುವುದೆ?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೂಲಕ ಸೊರಬಕ್ಕೆ ಹೋಗುವಾಗ ಬಳ್ಳಿಗಾವಿಯ ಕೇದಾರೇಶ್ವರ ದೇವಾಲಯವನ್ನು ನೋಡಿ ಬನ್ನಿ. ಇದಕ್ಕೆ ಸೇರಿದ್ದ ಕೋಡಿಯ ಮಠ ಕಾಳಾಮುಖ ಯತಿಗಳ ಹೆಸರಾಂತ ವಿದ್ಯಾಕೇಂದ್ರವಾಗಿತ್ತು. ಕಳಚುರಿ ಬಿಜ್ಜಳನ ಕಾಲದ, ಕ್ರಿ.ಶ. 1162ರ ಶಾಸನವೊಂದು ಈ ಮಠದಲ್ಲಿ ವೇದ, ವ್ಯಾಕರಣ, ದರ್ಶನಗಳ ಪಾಠ ನಡೆಯುತ್ತಿದ್ದುದನ್ನು ತಿಳಿಸುತ್ತದೆ. ದೀನರಿಗೆ ಅನ್ನವೂ ದಿಕ್ಕಿಲ್ಲದ ರೋಗಿಗಳಿಗೆ ಚಿಕಿತ್ಸೆಯೂ ಇಲ್ಲಿ ದೊರೆಯುತ್ತಿದ್ದವು. ಬಿ. ಎಲ್. ರೈಸ್ ಅವರು 1902ರಲ್ಲಿ ‘ಎಪಿಗ್ರಾಫಿಯಾ ಕರ್ನಾಟಿಕಾ’ದ 7ನೆಯ ಸಂಪುಟದಲ್ಲಿ ಈ ಶಾಸನವನ್ನು ಪ್ರಕಟಿಸಿದರು.

ನಿದ್ರೆ ಬಾರದ ಬಡವನೊಬ್ಬ ಅಂದು ಆ ಮಠಕ್ಕೆ ಬಂದಿದ್ದರೆ, ಇಂದು ಹಲವರು ಹೇಳುವ ಕೇಸರಿ ಹಾಲು ಅವನಿಗೆ ಸಿಗುತ್ತಿತ್ತೆ?

ಹಳೆಯ ಗ್ರಂಥಗಳಲ್ಲಿ ‘ಕುಂಕುಮ’ ಎಂದರೆ ಕೇಸರಿ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅದು ಅರಸನ ಮೈಗೆ ಹಚ್ಚುವ ಲೇಪನಗಳಲ್ಲಿ ಬರುತ್ತದೆ. ನಿದ್ರೆ ತರುವುದರಲ್ಲಿ ಚರಕಸಂಹಿತೆ ಶ್ರೇಷ್ಠವೆಂದು ಹೇಳಿರುವುದು ಎಮ್ಮೆಯ ಹಾಲನ್ನು! ಕೇಸರಿ ಬೆಳೆಯುವುದು ದೂರದ ಕಾಶ್ಮೀರದಲ್ಲಿ. ಒಂದು ಹೂವಿನಲ್ಲಿ ಸಿಗುವುದು ಮೂರೇ ಎಳೆ. 1 ಕಿಲೋಗ್ರಾಂ ಒಣ ಕೇಸರಿಗೆ ಸುಮಾರು 1.5 ಲಕ್ಷ ಹೂಗಳು ಬೇಕು. ಹೀಗಿರುವಾಗ ಅದು ಅರಮನೆಯ ವಸ್ತುವಾಗಿತ್ತೇ ಹೊರತು ಬಡವನ ಮದ್ದಾಗಿರಲಿಲ್ಲ ಎಂದು ಊಹಿಸಬಹುದು.

ಆಧುನಿಕ ವಿಜ್ಞಾನ ಏನು ಹೇಳುತ್ತದೆ? ಕೇಸರಿಯ ಬಣ್ಣಕ್ಕೆ ಕ್ರೋಸಿನ್, ಪರಿಮಳಕ್ಕೆ ಸಫ್ರನಾಲ್ ಕಾರಣ. ನಿದ್ರೆಯ ತೊಂದರೆಯಿದ್ದ, ಉಳಿದಂತೆ ಆರೋಗ್ಯವಂತರಾದ 63 ಮಂದಿಯ ಮೇಲೆ ಆಸ್ಟ್ರೇಲಿಯದಲ್ಲಿ 28 ದಿನಗಳ ಪ್ರಯೋಗವೊಂದು ನಡೆದು, 2020ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ದಿನಕ್ಕೆರಡು ಬಾರಿ 14 ಮಿಲಿಗ್ರಾಂ ಕೇಸರಿ ಸಾರ, ಇನ್ನೊಂದು ಗುಂಪಿಗೆ ಔಷಧಿಯಿಲ್ಲದ ಹುಸಿಗುಳಿಗೆ. ಯಾರಿಗೆ ಯಾವುದು ಸಿಕ್ಕಿದೆ ಎಂಬುದು ಅವರಿಗೆ ಗೊತ್ತಿರಲಿಲ್ಲ. ಸಾರ ಸೇವಿಸಿದವರ ನಿದ್ರೆ ಹೆಚ್ಚು ಸುಧಾರಿಸಿತೆಂದು ವರದಿಯಾಯಿತು. ಆದರೆ ಪ್ರಯೋಗ ಚಿಕ್ಕದು, ಅವಧಿ ಕಡಿಮೆ. ಹಣ ಒದಗಿಸಿದ್ದು ಆ ಸಾರವನ್ನು ತಯಾರಿಸುವ ಸಂಸ್ಥೆಯೇ. ಆದ್ದರಿಂದ ಇದು ಆಸೆ ಹುಟ್ಟಿಸುವ ಸುಳಿವು, ಕೊನೆಯ ತೀರ್ಪಲ್ಲ.

ಇನ್ನೊಂದು ಎಚ್ಚರಿಕೆ. ಕುಸುಬೆ ಹೂವಿನ ಎಸಳನ್ನು, ಬಣ್ಣ ಹಚ್ಚಿದ ಜೋಳದ ನಾರನ್ನು ಕೇಸರಿಯೆಂದು ಮಾರುವುದುಂಟು. ನಾಲ್ಕು ಎಳೆಗಳನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ. ಅಸಲಿ ಕೇಸರಿ ನಿಧಾನವಾಗಿ ಹಳದಿ ಬಣ್ಣ ಬಿಡುತ್ತದೆ, ಎಳೆ ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ ನಾರು ಬೇಗನೆ ಬಿಳಿಚಿಕೊಳ್ಳುತ್ತದೆ.

ಹಾಲಿಗೆ ಎರಡೆಳೆ ಕೇಸರಿ ಹಾಕಿ ಕುಡಿಯುವುದರಲ್ಲಿ ತಪ್ಪೇನಿಲ್ಲ. ಆದರೆ ಗರ್ಭಿಣಿಯರು ಮತ್ತು ಬೇರೆ ಔಷಧಿ ಸೇವಿಸುತ್ತಿರುವವರು ವೈದ್ಯರನ್ನು ಕೇಳದೆ ಕೇಸರಿಯ ಗುಳಿಗೆಗಳನ್ನು ನುಂಗಬಾರದು. ನಿದ್ರಾಹೀನತೆಯ ಹಿಂದೆ ನೋವು, ಖಿನ್ನತೆ, ಥೈರಾಯ್ಡ್ ದೋಷ ಅಡಗಿರಬಹುದು. ತೊಂದರೆ ವಾರಗಟ್ಟಲೆ ಮುಂದುವರಿದರೆ ವೈದ್ಯರನ್ನು ಕಾಣಿ. ದಿಕ್ಕಿಲ್ಲದವನಿಗೂ ಬಳ್ಳಿಗಾವಿಯ ಮಠ ಒದಗಿಸಿದ್ದು ಚಿಕಿತ್ಸೆಯನ್ನು. ನಿದ್ರೆಗೆಟ್ಟವನಿಗೆ ಇಂದಿಗೂ ಮೊದಲು ಬೇಕಾದುದು ಅದೇ ಅಲ್ಲವೆ?